ಹಾಸು ವಂಶದ್ದು, ಹೊಕ್ಕು ಊರಿನದು

“ಇಬ್ಬರೂ ಒಂದ ಗಂಗಾಳದಾಗ ಉಂಡು ಬೆಳದವ್ರು. ಥಂಡಿ ಜ್ವರ ಬಂತಂದ್ರ ಇಬ್ಬರಿಗೂ ಬರ್ತಿತ್ತು. ಹಂಗಿದ್ದಾಗ ಇಕೀಗಷ್ಟ ಯಾಕ್ರಿ ಈ ಹಾರ್ಟಿನ ಬ್ಯಾನಿ?”

ಹೃದಯದ ವಾಲ್ವ್ ಕೆಟ್ಟ ಮಗಳನ್ನು ಕರೆದುಕೊಂಡು ಜಮಖಂಡಿ, ಬಾಗಲಕೋಟೆ, ಮಿರಜ ಎಂದು ದವಾಖಾನೆ ಅಲೆಯುವ ನಮ್ಮ ಕಡೆಯ ಯಾವ ತಾಯಿಯೂ ಕೇಳುವ ಪ್ರಶ್ನೆ ಇದು. ವಿಜ್ಞಾನಿಗಳು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಹುಡುಕುತ್ತಿರುವ ಉತ್ತರವೂ ಇದೇ ಪ್ರಶ್ನೆಗೆ. ಆದ್ದರಿಂದ ಆ ತಾಯಿಗೆ ಒಂದು ನೇರ ಉತ್ತರ ಸಿಗಬೇಕು.

ನಮ್ಮ ಕಡೆಯ ಹುನ್ನೂರೆಂಬ ಊರಿನ ಕಬ್ಬಿನ ಹೊಲಗಳ ಮಗ್ಗುಲಿನ ಒಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಅಕ್ಕನಿಗೆ ಹತ್ತು ವರ್ಷ, ತಂಗಿಗೆ ಎಂಟು. ಚಳಿಗಾಲದಲ್ಲಿ ಇಬ್ಬರಿಗೂ ಗಂಟಲು ನೋವು, ಜ್ವರ. ನಾಲ್ಕು ದಿನದಲ್ಲಿ ಇಬ್ಬರೂ ಎದ್ದು ಸಾಲಿಗೆ ಹೋದರು. ತಂಗಿಯ ಕತೆ ಅಲ್ಲಿಗೆ ಮುಗಿಯಿತು. ಅಕ್ಕನಿಗೆ ಮೂರು ವಾರದ ಮೇಲೆ ಮೊಣಕಾಲು ಊದಿ ಕೆಂಪಾಯಿತು. ಅದು ಇಳಿಯುವಷ್ಟರಲ್ಲಿ ಹಿಮ್ಮಡಿಯ ಕೀಲು, ಆಮೇಲೆ ಮುಂಗೈ. ಅಜ್ಜಿ ಎಣ್ಣೆ ತಿಕ್ಕಿದಳು, ಉಪ್ಪಿನ ಗಂಟಿನ ಶಾಖ ಕೊಟ್ಟಳು. ಬೆಳೆಯುವ ಹುಡುಗಿಗೆ ಕೀಲು ನೋವು ಇದ್ದದ್ದೇ ಎಂದರು. ನೋವು ತಾನಾಗಿ ಹೋಯಿತು. ಹತ್ತು ವರ್ಷ ಕಳೆದು, ಚೊಚ್ಚಲ ಬಸಿರಿನ ಏಳನೇ ತಿಂಗಳಲ್ಲಿ, ಆ ಹುಡುಗಿಗೆ ರಾತ್ರಿ ಮಲಗಿದರೆ ಉಸಿರು ಕಟ್ಟತೊಡಗಿತು. ಎದ್ದು ಕೂತರೆ ಮಾತ್ರ ಜೀವಕ್ಕೆ ಸಮಾಧಾನ. ಹೃದಯದ ಸ್ಕ್ಯಾನ್ ಆದ ಎಕೋ ಮಾಡಿದ ವೈದ್ಯರು ಹೇಳಿದ್ದು: ಮೈಟ್ರಲ್ ವಾಲ್ವ್ ಸಂಕುಚಿತವಾಗಿದೆ, ಇದು ಬಾಲ್ಯದ ರೂಮ್ಯಾಟಿಕ್ ಜ್ವರದ ಕಲೆ.

ಈ ಮನೆಯನ್ನು ನಾನು ಕಲ್ಪಿಸಿಕೊಂಡದ್ದು ನಿಜ. ಆದರೆ ರೋಗ ನಡೆಯುವ ದಾರಿ ಇದೇ.

ಆ ಗಂಟಲು ನೋವಿಗೆ ಕಾರಣವಾದದ್ದು ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ‘ಗ್ರೂಪ್ ಎ’ ಬಗೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪೋಣಿಸಿದ ಮಣಿಸರದಂತೆ ಕಾಣುತ್ತದೆ. ಅದರ ಮೈಮೇಲೆ ಎಂ ಪ್ರೋಟೀನ್ ಎಂಬ ಕೂದಲಿನಂಥ ಎಳೆಗಳಿವೆ. ಈ ಎಳೆಗಳ ಕೆಲವು ಭಾಗ ನಮ್ಮ ಹೃದಯದಲ್ಲಿರುವ ಮಯೋಸಿನ್‌ನಂಥ ಪ್ರೋಟೀನುಗಳನ್ನು ಹೋಲುತ್ತವೆ. ಬ್ಯಾಕ್ಟೀರಿಯಾವನ್ನು ಹೊಡೆಯಲು ದೇಹ ತಯಾರಿಸಿದ ಪ್ರತಿಕಾಯಗಳು, ಟಿ ಕೋಶಗಳು, ಹೋಲಿಕೆಗೆ ಮೋಸಹೋಗಿ ಸ್ವಂತ ಹೃದಯದ, ಕೀಲುಗಳ ಮೇಲೆಯೇ ತಿರುಗುತ್ತವೆ. ಹೀಗಾಗಿಯೇ ಗಂಟಲು ವಾಸಿಯಾದ ಎರಡು ಮೂರು ವಾರಕ್ಕೆ ಕೀಲು ಹಿಡಿಯುತ್ತದೆ. ಕೀಲಿಗೆ ಬಂದದ್ದು ಕುರುಹು ಉಳಿಸದೆ ಹೋಗುತ್ತದೆ, ಹೃದಯಕ್ಕೆ ಬಂದದ್ದು ಅಲ್ಲೇ ನಿಲ್ಲುತ್ತದೆ. ಎಡಭಾಗದ ಮೈಟ್ರಲ್ ಕವಾಟದ ಎರಡು ತೆಳು ಎಸಳುಗಳು ಉರಿಯೂತದಿಂದ ದಪ್ಪಗಾಗಿ, ಅಂಚಿನಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆರೋಗ್ಯವಂತರಲ್ಲಿ 4ರಿಂದ 6 ಚದರ ಸೆಂಟಿಮೀಟರ್ ತೆರೆಯುವ ಬಾಗಿಲು ಒಂದೂವರೆ, ಒಂದಕ್ಕೆ ಇಳಿಯುತ್ತದೆ. ಬಸಿರಿನಲ್ಲಿ ಮೈಯ ರಕ್ತದ ಪ್ರಮಾಣ ಹೆಚ್ಚುಕಡಿಮೆ ಅರ್ಧದಷ್ಟು ಏರುತ್ತದೆ. ಅಷ್ಟೂ ರಕ್ತ ಆ ಕಿರುಬಾಗಿಲಲ್ಲಿ ನುಸುಳಬೇಕು. ನುಸುಳಲಾಗದ್ದು ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಹತ್ತು ವರ್ಷ ಸುಮ್ಮನಿದ್ದ ರೋಗ ಬಸಿರಿನಲ್ಲಿ ಬಾಯಿಬಿಡುವುದು ಇದಕ್ಕಾಗಿ.

ಇನ್ನು ತಾಯಿಯ ಪ್ರಶ್ನೆ. ಅದೇ ಬ್ಯಾಕ್ಟೀರಿಯಾ, ಅದೇ ಮನೆ. ತಂಗಿ ಹೇಗೆ ಪಾರಾದಳು?

ಈ ಅನುಮಾನವನ್ನು ಮೊದಲು ಲೆಕ್ಕಕ್ಕೆ ಇಳಿಸಿದವರಲ್ಲಿ ಒಬ್ಬರು ಲಂಡನ್ನಿನ ಮಕ್ಕಳ ವೈದ್ಯ ವಾಲ್ಟರ್ ಚೀಡಲ್. ಮನೆಯಲ್ಲಿ ಯಾರಿಗಾದರೂ ಈ ಜ್ವರ ಬಂದಿದ್ದರೆ ಉಳಿದ ಮಕ್ಕಳಿಗೆ ಬರುವ ಸಂಭವ ಸುಮಾರು ಐದು ಪಟ್ಟು ಹೆಚ್ಚೆಂದು 1889ರಲ್ಲೇ ಅವರು ಹೇಳಿದರು. ಆಗ ಜೀನ್ ಎಂಬ ಪದವೇ ಹುಟ್ಟಿರಲಿಲ್ಲ. ಮುಂದೆ 1950ರ ಹೊತ್ತಿಗೆ ಅಮೆರಿಕದ ವಯೋಮಿಂಗ್ ಸೇನಾನೆಲೆಯ ಸೈನಿಕರ ಮೇಲೆ ನಡೆದ ಅಧ್ಯಯನಗಳು ಇನ್ನೊಂದು ಸಂಗತಿ ತೋರಿಸಿದವು. ಸ್ಟ್ರೆಪ್ ಗಂಟಲು ಬೇನೆ ಸಾಂಕ್ರಾಮಿಕವಾಗಿ ಹಬ್ಬಿದಾಗಲೂ, ಚಿಕಿತ್ಸೆ ಪಡೆಯದ ನೂರು ಜನರಲ್ಲಿ ರೂಮ್ಯಾಟಿಕ್ ಜ್ವರಕ್ಕೆ ತುತ್ತಾಗುವವರು ಎರಡು ಮೂರು ಮಂದಿ ಮಾತ್ರ. ಉಳಿದವರ ದೇಹ ಅದೇ ಬ್ಯಾಕ್ಟೀರಿಯಾವನ್ನು ಎದುರಿಸಿ, ಗೆದ್ದು, ಹೃದಯದ ತಂಟೆಗೆ ಹೋಗದೆ ಸುಮ್ಮನಾಗುತ್ತದೆ.

ವಂಶದ ಪಾಲು ಎಷ್ಟೆಂದು ಅಳೆಯಲು ಅವಳಿಗಳಿಗಿಂತ ಒಳ್ಳೆಯ ತಕ್ಕಡಿ ಇಲ್ಲ. ಹಿಂದೆ ನಡೆದಿದ್ದ ಅವಳಿಗಳ ಅಧ್ಯಯನಗಳನ್ನೆಲ್ಲ ಕೂಡಿಸಿ, 435 ಜೋಡಿಗಳ ಲೆಕ್ಕವನ್ನು 2011ರಲ್ಲಿ ಪ್ರಕಟಿಸಿದರು. ಒಂದೇ ಅಂಡದಿಂದ ಹುಟ್ಟಿದ, ಜೀನುಗಳಲ್ಲಿ ಪಡಿಯಚ್ಚಾದ ಅವಳಿಗಳಲ್ಲಿ ಒಬ್ಬರಿಗೆ ರೋಗ ಬಂದಿದ್ದರೆ ಇನ್ನೊಬ್ಬರಿಗೂ ಬರುವ ಸಂಭವ ಶೇ 44. ಬೇರೆ ಬೇರೆ ಅಂಡದ ಅವಳಿಗಳಲ್ಲಿ ಅದು ಶೇ 12. ಎರಡೂ ಬಗೆಯ ಜೋಡಿಗಳು ಬೆಳೆಯುವುದು ಒಂದೇ ಮನೆಯಲ್ಲಿ. ಆದರೂ ಇಷ್ಟು ವ್ಯತ್ಯಾಸ ಇದೆಯೆಂದರೆ ಜೀನುಗಳ ಕೈವಾಡ ಖಂಡಿತ.

ಎಲ್ಲಿದೆ ಆ ಜೀನು? ಹುಡುಕಾಟ ಮತ್ತೆ ಮತ್ತೆ ಬಂದು ನಿಂತದ್ದು ಆರನೇ ಕ್ರೋಮೋಸೋಮಿನ ಎಚ್‌ಎಲ್‌ಎ ಎಂಬ ಜೀನುಗಳ ಗೊಂಚಲಿನ ಮುಂದೆ. ರೋಗಾಣು ಒಳಹೊಕ್ಕಾಗ ನಮ್ಮ ಕೋಶಗಳು ಅದರ ಚೂರುಗಳನ್ನು ಮೇಲ್ಮೈಯಲ್ಲಿ ಎತ್ತಿ ಹಿಡಿದು ಟಿ ಕೋಶಗಳಿಗೆ ತೋರಿಸುತ್ತವೆ. ಎತ್ತಿ ಹಿಡಿಯುವ ಆ ಅಂಗೈಯೇ ಎಚ್‌ಎಲ್‌ಎ. ಅಂಗೈಯ ಆಕಾರ ಮನುಷ್ಯರಿಂದ ಮನುಷ್ಯರಿಗೆ ಬೇರೆ. ಯಾರ ಅಂಗೈಗೆ ಹೃದಯವನ್ನು ಹೋಲುವ ಚೂರು ಚೆನ್ನಾಗಿ ಕೂರುತ್ತದೋ ಅವರಲ್ಲಿ ಗುರುತು ತಪ್ಪುವ ಸಂಭವ ಹೆಚ್ಚು ಎಂಬುದು ವಿಜ್ಞಾನಿಗಳ ತರ್ಕ. 1980ರ ದಶಕದಲ್ಲಿ ಉತ್ತರ ಭಾರತದ ರೋಗಿಗಳಲ್ಲಿ ಡಿಆರ್3 ಎಂಬ ಬಗೆ ಹೆಚ್ಚಾಗಿ ಕಂಡಿತು. ಅಮೆರಿಕದ ಬಿಳಿಯರಲ್ಲಿ ಡಿಆರ್4, ಕರಿಯರಲ್ಲಿ ಡಿಆರ್2. ಒಂದು ಜನಸಮುದಾಯದ ಗುರುತು ಇನ್ನೊಂದರಲ್ಲಿ ಸಿಗಲಿಲ್ಲ.

ಇಡೀ ಜೀನೋಮನ್ನು ಜಾಲಾಡುವ ತಂತ್ರ ಕೈಗೆ ಬಂದ ಮೇಲೆ ಚಿತ್ರ ಇನ್ನಷ್ಟು ಬಿಡಿಸಿಕೊಂಡಿತು. 2017ರಲ್ಲಿ ಪೆಸಿಫಿಕ್ ದ್ವೀಪರಾಷ್ಟ್ರಗಳ ಸಾವಿರಾರು ಜನರ ಅಧ್ಯಯನ, ಪ್ರತಿಕಾಯಗಳನ್ನು ಕಟ್ಟುವ ಐಜಿಎಚ್‌ವಿ4-61 ಎಂಬ ಜೀನಿನ ಒಂದು ರೂಪವನ್ನು ಗುರುತಿಸಿತು. ಅದರ ಒಂದೊಂದು ಪ್ರತಿಯೂ ಅಪಾಯವನ್ನು ಸುಮಾರು 1.4 ಪಟ್ಟು ಮಾಡುತ್ತದೆ. 2021ರಲ್ಲಿ ಆಫ್ರಿಕದ ಎಂಟು ದೇಶಗಳ ರೋಗಿಗಳಲ್ಲಿ 11ನೇ ಕ್ರೋಮೋಸೋಮಿನ ಒಂದು ಜಾಗ ಕಣ್ಣಿಗೆ ಬಿತ್ತು.

ನಡುವೆ 2020ರಲ್ಲಿ ಬಂದ ಅಧ್ಯಯನ ನಮಗೆ ಹತ್ತಿರದ್ದು. ಭಾರತದ ಮತ್ತು ಫಿಜಿಯ 1,163 ದಕ್ಷಿಣ ಏಷ್ಯಾ ಮೂಲದವರನ್ನು ಅದು ಪರೀಕ್ಷಿಸಿತು. ಅವರಲ್ಲಿ 672 ಮಂದಿ ರೋಗಿಗಳು. ಫಿಜಿಯ ಭಾರತೀಯರೆಂದರೆ 1879ರಿಂದ 1916ರವರೆಗೆ ಗಿರ್ಮಿಟ್ ಒಪ್ಪಂದದ ಮೇಲೆ ಕಬ್ಬಿನ ತೋಟಗಳ ದುಡಿಮೆಗೆ ಹಡಗು ಹತ್ತಿದವರ ಸಂತತಿ. ಕಬ್ಬಿನ ಸೀಮೆಯಲ್ಲಿ ಬದುಕುವ ನಮಗೆ ಆ ದುಡಿಮೆಯ ಭಾರವನ್ನು ವಿವರಿಸಬೇಕಿಲ್ಲ. ಸಮುದ್ರ ದಾಟಿದವರಲ್ಲೂ ಊರಲ್ಲೇ ಉಳಿದವರಲ್ಲೂ ಒಟ್ಟಾಗಿ ಹುಡುಕಿದಾಗ ಕಂಡದ್ದು ಎಚ್‌ಎಲ್‌ಎ ಗೊಂಚಲಿನ ‘ಮೂರನೇ ವರ್ಗ’ ಎಂಬ ಭಾಗದ ಒಂದು ವ್ಯತ್ಯಾಸ. ಬ್ರಿಟನ್ನಿನ ಯುರೋಪಿಯನ್ ಮೂಲದವರಲ್ಲೂ ಅದೇ ಕಂಡಿತು. ಎರಡೂ ಗುಂಪಿನ ಲೆಕ್ಕ ಕೂಡಿಸಿದರೆ ಅಪಾಯ ಸುಮಾರು 1.8 ಪಟ್ಟು.

ಇಲ್ಲಿ ಸ್ವಲ್ಪ ನಿಲ್ಲಬೇಕು. ‘ಜೀನು’, ‘ವಂಶ’ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನಮ್ಮ ಮನೆಗಳಲ್ಲಿ ಬೇರೆಯೇ ಲೆಕ್ಕ ಶುರುವಾಗುತ್ತದೆ. “ಅವರ ಮನಿತನದಾಗ ಐತಿ” ಎಂದು ಸಂಬಂಧ ಮುರಿಯುತ್ತದೆ. ತವರಿನವರು ಮುಚ್ಚಿಟ್ಟರೆಂದು ಗಂಡನ ಮನೆಯವರು, ಕಾಲ್ಗುಣವೆಂದು ಓಣಿಯವರು ಆಡಿಕೊಳ್ಳುತ್ತಾರೆ. ಈ ಮಾತುಗಳಿಗೆ ಹೆದರಿ ಹುಡುಗಿಯ ಕಾಯಿಲೆಯನ್ನು ಮುಚ್ಚಿಡುತ್ತಾರೆ, ರೋಗ ಮರುಕಳಿಸದಂತೆ ಕೊಡುವ ಪೆನಿಸಿಲಿನ್ ಸೂಜಿ ನಿಲ್ಲಿಸುತ್ತಾರೆ. ಜೀನು ಕೊಲ್ಲದವಳನ್ನು ಮುಚ್ಚಿಟ್ಟ ಗುಟ್ಟು ಕೊಲ್ಲುತ್ತದೆ.

1.4 ಪಟ್ಟು, 1.8 ಪಟ್ಟು ಎಂಬ ಅಂಕಿಗಳ ಅರ್ಥವನ್ನು ಸರಿಯಾಗಿ ತಿಳಿಯೋಣ. ಆ ಜೀನ್ ರೂಪವಿರುವ ಬಹುಪಾಲು ಜನ ಇಡೀ ಆಯುಷ್ಯ ಆರೋಗ್ಯವಾಗಿಯೇ ಇರುತ್ತಾರೆ. ಇದು ಒಂದೇ ಜೀನಿನ ದೋಷದಿಂದ ಬರುವ ರೋಗವಲ್ಲ. ಅನೇಕ ಜೀನುಗಳು ತಲಾ ಒಂದಿಷ್ಟು ತೂಕ ಹಾಕುತ್ತವೆ. ಸೋದರಮಾವನ ಮದುವೆಯಂಥ ರಕ್ತಸಂಬಂಧದಲ್ಲಿ ಥಲಸ್ಸೀಮಿಯಾದಂಥ ಕೆಲವು ಕಾಯಿಲೆಗಳ ಅಪಾಯ ಹೆಚ್ಚುತ್ತದೆ ನಿಜ. ಆದರೆ ವಾಲ್ವ್ ಕೆಟ್ಟ ಹುಡುಗಿಯ ಮುಂದೆ ಆ ಲೆಕ್ಕ ತೆಗೆದು ಕೂರುವುದರಲ್ಲಿ ಅರ್ಥವಿಲ್ಲ. ರಕ್ತ ಪರೀಕ್ಷೆ ಮಾಡಿ ಈ ಮಗುವಿಗೆ ರೂಮ್ಯಾಟಿಕ್ ಹೃದ್ರೋಗ ಬರುತ್ತದೆ, ಆ ಮಗುವಿಗೆ ಬರುವುದಿಲ್ಲ ಎಂದು ಹೇಳುವ ಜೀನ್ ಪರೀಕ್ಷೆ ಇವತ್ತು ಯಾವ ದವಾಖಾನೆಯಲ್ಲೂ ಇಲ್ಲ. ಹೃದ್ರೋಗ ಮುಟ್ಟಿದರೆ ಅಂಟುವಂಥದ್ದೂ ಅಲ್ಲ. ಅಂಟುವುದು ಗಂಟಲಿನ ಸ್ಟ್ರೆಪ್ ಮಾತ್ರ.

ಅವಳಿಗಳ ಲೆಕ್ಕವನ್ನೇ ಇನ್ನೊಮ್ಮೆ ತಿರುಗಿಸಿ ನೋಡಿ. ಜೀನು ಪೂರ್ತಿ ಒಂದೇ ಆಗಿದ್ದರೂ ನೂರರಲ್ಲಿ 56 ಅವಳಿಗಳು ಒಡಹುಟ್ಟಿದವರ ರೋಗದಿಂದ ತಪ್ಪಿಸಿಕೊಂಡಿದ್ದಾರೆ. ರಬಕವಿ-ಬನಹಟ್ಟಿಯ ಮಗ್ಗದ ಮುಂದೆ ಕೂತವರಿಗೆ ಇದನ್ನು ಬೇಗ ಹೇಳಬಹುದು. ಮಗ್ಗಕ್ಕೆ ಹಾಸು ಕಟ್ಟಿ ಬಿಟ್ಟರೆ ಸೀರೆ ಆಗುವುದಿಲ್ಲ. ಲಾಳಿ ಆಚೆ ಈಚೆ ಓಡಿ ಹೊಕ್ಕು ಹಾಕಬೇಕು. ಈ ರೋಗದಲ್ಲಿ ಹಾಸು ವಂಶದ್ದು. ಹೊಕ್ಕು ಮಾತ್ರ ಊರಿನದು. ಒಂದೇ ಕೋಣೆಯಲ್ಲಿ ಎಂಟು ಜನ ಮಲಗುವುದು, ಗಾಳಿಯಾಡದ ಮನೆ, ಮೇಲಿಂದ ಮೇಲೆ ಬಂದರೂ ಔಷಧ ಕಾಣದ ಗಂಟಲು ನೋವು, ದವಾಖಾನೆಯ ದೂರ, ಒಂದು ದಿನದ ಕೂಲಿ ಬಿಡಲಾಗದ ಬಡತನ. ಹಾಸನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಲಾಳಿಯನ್ನು ತಡೆಯುವುದು ನಮ್ಮ ಕೈಯಲ್ಲಿದೆ.

ಇದು ಬರೀ ಹೋಲಿಕೆಯ ಮಾತಲ್ಲ, ಚರಿತ್ರೆಯೇ ಸಾಕ್ಷಿ. ಚೀಡಲ್ ಅವರ ಕಾಲದಲ್ಲಿ ಲಂಡನ್ನಿನ ಬಡವರ ಕೇರಿಗಳಲ್ಲಿ ಸಾಮಾನ್ಯವಾಗಿದ್ದ ಈ ಜ್ವರ ಇಂದು ಯುರೋಪಿನಲ್ಲಿ ವೈದ್ಯವಿದ್ಯಾರ್ಥಿಗಳ ಕಣ್ಣಿಗೂ ಬೀಳದಷ್ಟು ಅಪರೂಪ. ಮೂರು ನಾಲ್ಕು ತಲೆಮಾರಿನಲ್ಲಿ ಅಲ್ಲಿನ ಜನರ ಜೀನು ಬದಲಾಗಲಿಲ್ಲ. ಬದಲಾದದ್ದು ಮನೆ, ಊಟ, ಆಮೇಲೆ ಪೆನಿಸಿಲಿನ್. ಕ್ಯೂಬಾದ ಪಿನಾರ್ ಡೆಲ್ ರಿಯೊ ಪ್ರಾಂತ್ಯ ಶ್ರೀಮಂತವಾಗುವವರೆಗೂ ಕಾಯಲಿಲ್ಲ. ಗಂಟಲು ನೋವಿಗೆ ಸರಿಯಾದ ಚಿಕಿತ್ಸೆ, ರೋಗಿಗಳ ದಾಖಲೆ ಪುಸ್ತಕ, ತಪ್ಪದ ಇಂಜೆಕ್ಷನ್ ಎಂದು 1986ರಲ್ಲಿ ಶುರುಮಾಡಿ ಹತ್ತು ವರ್ಷದಲ್ಲಿ ರೋಗವನ್ನು ಹಲವು ಪಟ್ಟು ಇಳಿಸಿತು. ಭಾರತದ ನಾವಾದರೋ 2015ರ ಜಾಗತಿಕ ಅಂದಾಜಿನಲ್ಲಿ 1 ಕೋಟಿ 30 ಲಕ್ಷಕ್ಕೂ ಹೆಚ್ಚು ರೋಗಿಗಳೊಂದಿಗೆ ಮೊದಲ ಸ್ಥಾನದಲ್ಲಿದ್ದೆವು.

ಹಾಗಾದರೆ ಜೀನಿನ ಈ ತಿಳಿವಳಿಕೆಯಿಂದ ಹುನ್ನೂರಿಗೆ ಏನು ಬಂತು? ಬಂದದ್ದು ಒಂದು ವಿಳಾಸ. ಯಾರನ್ನು ಮೊದಲು ಪರೀಕ್ಷಿಸಬೇಕು ಎಂಬುದರ ವಿಳಾಸ. ಒಂದು ಮನೆಯಲ್ಲಿ ಒಬ್ಬರಿಗೆ ಈ ರೋಗ ಇದೆಯೆಂದರೆ ಅಲ್ಲಿ ಹಾಸೂ ಇದೆ, ಹೊಕ್ಕೂ ಇದೆ. ಒಡಹುಟ್ಟಿದವರು ಎರಡನ್ನೂ ಹಂಚಿಕೊಂಡಿದ್ದಾರೆ. ಉತ್ತರ ಉಗಾಂಡದಲ್ಲಿ ರೋಗ ಪತ್ತೆಯಾದ ಮಕ್ಕಳ ಮನೆಗಳಿಗೆ ಹೋಗಿ ಎಕೋ ಮಾಡಿದಾಗ, ಅವರ ಅಣ್ಣತಮ್ಮ, ಅಕ್ಕತಂಗಿಯರಲ್ಲಿ ಖಚಿತ ರೋಗ ಸಿಗುವ ಸಂಭವ ಉಳಿದ ಮನೆಗಳಿಗಿಂತ ನಾಲ್ಕೂವರೆ ಪಟ್ಟು ಹೆಚ್ಚಿತ್ತು. ಮುಚ್ಚಿಡಲು ಕಾರಣವಾಗಿದ್ದ ವಂಶದ ಮಾತೇ ಇಲ್ಲಿ ಮಕ್ಕಳನ್ನು ಉಳಿಸುವ ಸುಳಿವಾಗುತ್ತದೆ.

ಪರೀಕ್ಷೆ ಎಂದರೆ ಎಕೋ ಆಗಬೇಕು. ಹರಿಯಾಣದ ಬಲ್ಲಭಗಡದಲ್ಲಿ ದೆಹಲಿಯ ಏಮ್ಸ್ ವೈದ್ಯರು 5ರಿಂದ 15 ವರ್ಷದ 6,270 ಮಕ್ಕಳನ್ನು ಪರೀಕ್ಷಿಸಿದರು. ಸ್ಟೆತಾಸ್ಕೋಪಿಗೆ ಸಿಕ್ಕ ರೋಗಿಗಳು ಸಾವಿರಕ್ಕೆ ಒಬ್ಬರೂ ಇಲ್ಲ. ಎಕೋದಲ್ಲಿ ಕಂಡವರು ಸಾವಿರಕ್ಕೆ 20. ಕಿವಿಗೆ ಕೇಳದ್ದು ಪರದೆಯ ಮೇಲೆ ಕಾಣುತ್ತದೆ. ಕಂಡರೆ ಪ್ರಯೋಜನ ಉಂಟೇ? ಉಂಟು. ಲಕ್ಷಣವೇ ಇಲ್ಲದ, ಎಕೋದಲ್ಲಷ್ಟೇ ಸಿಕ್ಕ 818 ಮಕ್ಕಳ ಉಗಾಂಡದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಎರಡು ವರ್ಷದಲ್ಲಿ ರೋಗ ಮುಂದುವರಿದದ್ದು ಪೆನಿಸಿಲಿನ್ ಇಂಜೆಕ್ಷನ್ ಪಡೆಯದವರಲ್ಲಿ ಶೇ 8.2, ಪಡೆದವರಲ್ಲಿ ಶೇ 0.8.

ಆ ಇಂಜೆಕ್ಷನ್ನನ್ನು ಹತ್ತಿರದಿಂದ ನೋಡಿದವರಿಗೆ ಅದರ ಕಷ್ಟವೂ ಗೊತ್ತು. ಹೆಸರು ಬೆಂಜಥೀನ್ ಪೆನಿಸಿಲಿನ್. ಸಣ್ಣ ಗಾಜಿನ ಬಾಟಲಿಯ ತಳದಲ್ಲಿ ಬಿಳಿ ಪುಡಿ. ನೀರು ಬೆರೆಸಿ ಕುಲುಕಿದರೆ ಹಾಲಿನಷ್ಟು ಬೆಳ್ಳಗೆ, ಹಾಲಿಗಿಂತ ಮಂದ. ನರ್ಸ್ ಬಾಯಿ ದಪ್ಪ ಸೂಜಿಯನ್ನೇ ಆರಿಸಿಕೊಳ್ಳಬೇಕು. ತಡಮಾಡಿದರೆ ಅದರ ಬಾಯಿ ಕಟ್ಟಿಕೊಳ್ಳುತ್ತದೆ. ಕುಂಡೆಯ ಸ್ನಾಯುವಿನ ಆಳಕ್ಕೆ ನಿಧಾನವಾಗಿ ಇಳಿಸಬೇಕು. ಆ ದಿನ ಮಗು ಕುಂಟುತ್ತಲೇ ಮನೆಗೆ ಹೋಗುತ್ತದೆ. ಒಳಗಿಳಿದ ಔಷಧ ಅಲ್ಲೇ ಕೂತು ಚೂರುಚೂರೇ ರಕ್ತಕ್ಕೆ ಸೇರುತ್ತ ಮೂರು ವಾರ ಕಾವಲು ಕಾಯುತ್ತದೆ. ಆಮೇಲೆ ಅದರ ಬಲ ಇಳಿಯುತ್ತದೆ. 21 ದಿನ ಎಂದರೆ 21 ದಿನವೇ ಎಂದು ವೈದ್ಯರು ಒತ್ತಿ ಹೇಳುವುದು ಇದಕ್ಕೆ. ಹೃದಯಕ್ಕೆ ತಾಗದೆ ಹೋದ ಜ್ವರಕ್ಕೂ ಕನಿಷ್ಠ ಐದು ವರ್ಷ ಬೇಕು. ವಾಲ್ವ್ ಕೆಟ್ಟಿದ್ದರೆ ನಲವತ್ತರ ವಯಸ್ಸಿನವರೆಗೆ, ಕೆಲವರಿಗೆ ಬದುಕಿರುವವರೆಗೆ. ಅಪರೂಪಕ್ಕೆ ಪೆನಿಸಿಲಿನ್ ಅಲರ್ಜಿ ಆಗಬಹುದಾದ್ದರಿಂದ ಎಲ್ಲೆಂದರಲ್ಲಿ ಮಾಡಿಸಿಕೊಳ್ಳದೆ ತುರ್ತು ಔಷಧ ಇರುವ ಕಡೆಯೇ ಮಾಡಿಸಬೇಕು. ಹೃದಯ ತೀರ ಕುಗ್ಗಿದವರಿಗೆ ವೈದ್ಯರು ಮಾತ್ರೆ ಸೂಚಿಸಬಹುದು.

ನಮ್ಮ ಸೀಮೆಗೆ ಇಲ್ಲೊಂದು ವಿಶೇಷ ತೊಡಕಿದೆ. ಕಬ್ಬು ಕಡಿಯುವ ಹಂಗಾಮು ತಿಂಗಳುಗಟ್ಟಲೆ ನಡೆಯುತ್ತದೆ. ಗ್ಯಾಂಗಿನೊಂದಿಗೆ ಊರೂರು ತಿರುಗುವ ಮನೆಗಳ ಮಕ್ಕಳು ಜೋಪಡಿಯಲ್ಲಿ ಮಲಗುತ್ತಾರೆ, ಸಾಲಿ ತಪ್ಪುತ್ತದೆ, ಅದರೊಂದಿಗೆ ಸೂಜಿಯೂ ತಪ್ಪುತ್ತದೆ. ಹಾಸು ಯಾರದ್ದೇ ಇರಲಿ, ಹೊಕ್ಕು ಬಿಗಿಯಾಗುವುದು ಇಂಥಲ್ಲಿ. ಸೂಜಿಯ ಕಾರ್ಡನ್ನು ರೇಷನ್ ಕಾರ್ಡಿನಷ್ಟೇ ಜೋಪಾನವಾಗಿ ಒಯ್ದರೆ ಯಾವ ಊರಿನ ಆರೋಗ್ಯ ಕೇಂದ್ರದಲ್ಲೂ ಮುಂದಿನ ಸೂಜಿ ಕೇಳಬಹುದು. ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಬಸುರಿ, ಬಾಣಂತಿಯ ಹೆಸರಿನ ಪಕ್ಕ ಈ ಮಕ್ಕಳ ಹೆಸರೂ 21 ದಿನದ ಲೆಕ್ಕವೂ ಇರಲಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ, ಸಾಲಿಗೆ ಬಂದು ನೋಡಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ರೂಮ್ಯಾಟಿಕ್ ಹೃದ್ರೋಗವೂ ಇದೆ. ಆ ತಂಡ ಬಂದ ದಿನ “ನಿಮ್ಮ ಮನಿಯಾಗ ಯಾರಿಗರೆ ವಾಲ್ವ್ ತೊಂದರಿ ಐತೇನು?” ಎಂಬ ಒಂದೇ ಪ್ರಶ್ನೆಯನ್ನು ಗುರುಗಳು ಮಕ್ಕಳಿಗೆ ಮೊದಲೇ ಕೇಳಿಟ್ಟಿದ್ದರೆ ಅರ್ಧ ಕೆಲಸ ಮುಗಿದಂತೆ.

ಇನ್ನೂ ಮೊದಲಿನ ಬಾಗಿಲು ಗಂಟಲಿನದು. ಕೆಮ್ಮು ನೆಗಡಿ ಇಲ್ಲದೆ ಜ್ವರ, ಉಗುಳು ನುಂಗಿದರೂ ನೋವು, ಗಂಟಲಲ್ಲಿ ಬಿಳಿ ಕಲೆ, ದವಡೆಯ ಕೆಳಗೆ ಗಂಟು ಕಂಡರೆ ಮಗುವನ್ನು ವೈದ್ಯರಿಗೆ ತೋರಿಸಿ. ಬೇನೆ ಶುರುವಾದ ಒಂಬತ್ತು ದಿನದೊಳಗೆ ಪೆನಿಸಿಲಿನ್ ಬಿದ್ದರೂ ರೂಮ್ಯಾಟಿಕ್ ಜ್ವರವನ್ನು ತಡೆಯಬಹುದು. ಬೆಳೆಯುವ ಮಗುವಿಗೆ ಒಂದು ಕೀಲಿನಿಂದ ಇನ್ನೊಂದಕ್ಕೆ ಹಾರುವ ಊತ, ಕೈಕಾಲು ತಾನೇ ತಾನಾಗಿ ಅದುರುವುದು ಇದ್ದರೆ ಎಣ್ಣೆ ತಿಕ್ಕುತ್ತ ದಿನ ಕಳೆಯಬೇಡಿ.

ಎಲ್ಲ ಬಾಗಿಲು ದಾಟಿ ಬಂದವರಿಗೂ ದಾರಿ ಇದೆ. ತೊಡೆಸಂದಿನ ರಕ್ತನಾಳದಿಂದ ತೆಳು ನಳಿಕೆ ಹಾಯಿಸಿ, ಹೃದಯದ ನಡುಗೋಡೆ ದಾಟಿ, ಅಂಟಿಕೊಂಡ ವಾಲ್ವಿನ ನಡುವೆ ಬಲೂನು ಇಡುತ್ತಾರೆ. ಮೊದಲು ಬಲೂನಿನ ಮುಂದಿನ ತುದಿ ಉಬ್ಬುತ್ತದೆ, ಆಮೇಲೆ ಹಿಂದಿನದು. ಡಮರುವಿನಂತೆ ಕಚ್ಚಿ ನಿಂತ ಮೇಲೆ ನಡುವೂ ಉಬ್ಬಿ, ಕೆಲವೇ ಸೆಕೆಂಡಿನಲ್ಲಿ ಎಸಳುಗಳ ಅಂಟು ಬಿಡುತ್ತದೆ. ಎದೆ ಕೊಯ್ಯುವ ಮಾತಿಲ್ಲ. ಜಪಾನಿನ ಕಾಂಜಿ ಇನೌಯೆ 1984ರಲ್ಲಿ ಜಗತ್ತಿಗೆ ತಿಳಿಸಿದ ಈ ಚಿಕಿತ್ಸೆ ಬೆಂಗಳೂರಿನ ಜಯದೇವ ಸಂಸ್ಥೆಯಲ್ಲಿ ಅಪಾರ ಸಂಖ್ಯೆಯಲ್ಲಿ ನಡೆದಿದೆ. ಅಲ್ಲಿಯೇ ಡಾ. ಸಿ.ಎನ್. ಮಂಜುನಾಥ್ ರೂಪಿಸಿದ ವಿಧಾನಕ್ಕೆ ಅವರದೇ ಹೆಸರು ಅಂಟಿದೆ. ವಾಲ್ವ್ ಪೂರ್ತಿ ಹಾಳಾದವರಿಗೆ ಕೃತಕ ವಾಲ್ವ್ ಉಂಟು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯಾತನ್ ಮತ್ತು ತಂಡ ತಯಾರಿಸಿದ ದೇಶೀ ವಾಲ್ವನ್ನು ಮನುಷ್ಯನಿಗೆ ಮೊದಲು ಜೋಡಿಸಿದ್ದು 1990ರ ಡಿಸೆಂಬರಿನಲ್ಲಿ.  ಆದರೆ ಬಲೂನು, ವಾಲ್ವ್ ಎರಡೂ ಹರಿದ ಬಟ್ಟೆಗೆ ಹಾಕುವ ಹೊಲಿಗೆ. ಸೂಜಿ ಹರಿಯದಂತೆ ಕಾಯುತ್ತದೆ.

ಈಗ ಆ ತಾಯಿಗೆ ಉತ್ತರ ಹೇಳೋಣ. ಯವ್ವಾ, ನಿನ್ನ ದೊಡ್ಡ ಮಗಳ ಮೈ ಆ ಗಂಟಲಿನ ಹುಳದ ಗುರುತನ್ನೂ ತನ್ನ ಹೃದಯದ ಗುರುತನ್ನೂ ಬೇರೆ ಮಾಡಲಾರದೆ ಹೋಯಿತು. ಹಾಗಾಗುವ ಒಲವು ಹುಟ್ಟಿನಿಂದ ಒಂದಿಷ್ಟು ಬಂದಿರಬಹುದು. ಅದು ನಿನ್ನ ತಪ್ಪಲ್ಲ, ನಿನ್ನ ಗಂಡನ ಮನೆತನದ ತಪ್ಪೂ ಅಲ್ಲ, ಅವಳ ಪಾಪವಂತೂ ಅಲ್ಲವೇ ಅಲ್ಲ. ಸಣ್ಣವಳು ಪಾರಾಗಿದ್ದಾಳೆ ಎಂದು ನೀನು ತಿಳಿದಿದ್ದೀ. ಅದನ್ನು ಯಾರೂ ಇನ್ನೂ ನೋಡಿಲ್ಲ. ದೊಡ್ಡವಳನ್ನು ತೋರಿಸಲು ಮುಂದಿನ ಸಲ ಬಸ್ಸು ಹತ್ತುವಾಗ ಅವಳ ಪಕ್ಕದ ಸೀಟಿನಲ್ಲಿ ತಂಗಿಯನ್ನೂ ಕೂರಿಸಿಕೊ. ಅವಳಿಗೂ ಒಂದು ಎಕೋ ಆಗಲಿ.